ಸುಮಿತ್ರಾ ಮಾವಶಿಯ ಚುಕ್ಕೆ ಗುರುತಿನ ಪ್ರಶ್ನೆ

ವರ್ಷಕ್ಕೊಂದು ದಿನ ಸುಮಿತ್ರಾ ಮಾವಶಿ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆಗೆ ಹೊರಟವರ ಹಾಗೆ ತಯಾರಾಗಿ ಟಿ.ವಿ. ಮುಂದೆ ಕೂರುತ್ತಿದ್ದರು. ಅದು ಲೋಕಸಭೆಯಲ್ಲಿ ರಕ್ಷಣಾ ಸಚಿವಾಲಯದ ಖರ್ಚಿಗೆ ಒಪ್ಪಿಗೆ ಕೇಳುವ ದಿನ. ಮನೆಯೊಳಗೇ ಕೂತು ನೋಡುವುದಕ್ಕೆ ಇಷ್ಟೊಂದು ಸಡಗರ ಯಾಕೆ ಎಂದು ನಾನು ಮೊದಲ ವರ್ಷವೇ ಕೇಳಿದ್ದೆ.

"ಅಲ್ಲವಾ, ದೇಶದ ದುಡ್ಡಿನ್ಯಾಗ ಇಷ್ಟ್ ದೊಡ್ಡ ಪಾಲು ಕೇಳಾಕ ಬರ್ತಾರ. ಕೊಡೂವಾಗ ನಾವು ಹರಕ ನೈಟಿ ಮ್ಯಾಲ ಕುಂದ್ರೂದು ಚಂದ ಏನು?" ಎಂದರು.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ನಾಗಪುರಕ್ಕೆ ಹೋದವಳು. ಅಲ್ಲಿನ ಹಳೇ ಪೇಟೆ ಮಹಾಲ್‌ನಲ್ಲಿ, ಹಲವು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಮನೆ ಸಿಕ್ಕಿತು. ಆ ಗಲ್ಲಿಯಲ್ಲಿ ಸ್ಕೂಟರು, ಬೈಕು ಬಿಟ್ಟರೆ ಇನ್ನೇನೂ ನುಸುಳದು. ಮೇಲಿನ ಮಹಡಿಯಲ್ಲಿ ಮಾವಶಿ. ಮೂಲ ವಿಜಯಪುರ, ಸೇನೆಯ ಲೆಕ್ಕಪತ್ರ ನೋಡುವ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಗಿರೀಶ ಸೇನೆಯಲ್ಲಿ ಮೇಜರ್. ಆಗ ಹತ್ತಿರದ ಕಾಮ್ಟಿಯಲ್ಲೇ ಇದ್ದ. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ಮೈಸೂರವರು ಬೈದ್ರೂ ಹಾಡಿದಂಗ ಇರ್ತೈತಿ" ಎನ್ನುತ್ತಿದ್ದರು. ವಾಡೆಯವರೆಲ್ಲ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದುದರಿಂದ ನನಗೂ ಅವರು ಮಾವಶಿಯೇ ಆದರು.

ಆ ಬಜೆಟ್ ದಿನಕ್ಕೆ ಇಡೀ ವಾಡೆಗೆ ಆಮಂತ್ರಣ. ಚರ್ಚೆ ಸಂಜೆಯ ತನಕ ನಡೆಯುತ್ತದೆ, ಮಂದಿ ಹಸಿದು ಕೂರಬಾರದು ಎಂದು ಬೆಳಗ್ಗೆಯೇ ದೊಡ್ಡ ಪಾತೆಲೆಯಲ್ಲಿ ಅವಲಕ್ಕಿ, ಅದರ ಮೇಲೆ ಸುರಿದುಕೊಳ್ಳಲು ಕಣ್ಣಲ್ಲಿ ನೀರು ತರಿಸುವ ಕಡಲೆಕಾಳಿನ ಖಾರದ ಸಾರು, ಅಲ್ಲಿಯವರ ಬಾಯಲ್ಲಿ ತರಿ. ನಾವೆಲ್ಲ ತಟ್ಟೆ ಹಿಡಿದು ಚಾಪೆಯ ಮೇಲೆ ಕೂರುತ್ತಿದ್ದೆವು. ಆದರೆ ಬಹುತೇಕ ವರ್ಷ ಆಗುತ್ತಿದ್ದುದೇ ಬೇರೆ. ಸಮಯ ಸಾಲದು ಎಂದು ಎಷ್ಟೋ ಸಚಿವಾಲಯಗಳ ಬೇಡಿಕೆಗಳನ್ನು ಒಟ್ಟಿಗೆ ಕಟ್ಟಿ, ಚರ್ಚೆಯೇ ಇಲ್ಲದೆ ಮತಕ್ಕೆ ಹಾಕುತ್ತಿದ್ದರು. ಅದಕ್ಕೆ ಗಿಲೋಟಿನ್ ಎಂದು ಹೆಸರಂತೆ. 'ಹೌದು' ಎಂಬವರು ಒಮ್ಮೆ ಕೂಗಿದರೆ ಮುಗಿಯಿತು. ಸೇನೆಯ ವರ್ಷದ ಖರ್ಚೂ ಅದರೊಳಗೇ ಪಾಸು. ನಮ್ಮಲ್ಲಿ ಕೆಲವರ ತಟ್ಟೆಗೆ ಆಗಿನ್ನೂ ತರಿ ಬಿದ್ದಿರುತ್ತಿರಲಿಲ್ಲ.

"ಝಾಲಂ ಕಾಯ್, ಮಾವಶಿ?" ಎಂದು ವಾಡೆಯ ಮಾಲೀಕ ದಿನಕರ ಭಾವೂ ಕೀಟಲೆ ಮಾಡುತ್ತಿದ್ದರು. ಆಯ್ತಾ ಎಂದು ಕೇಳುತ್ತಲೇ ಎರಡನೇ ಸಲಕ್ಕೆ ತಟ್ಟೆ ಚಾಚುತ್ತಿದ್ದರು.

"ಆತು. ನಿಮ್ಮ ನಾಷ್ಟಾದಷ್ಟ ಹೊತ್ತೂ ಹಿಡೀಲಿಲ್ಲ" ಎಂದು ಮಾವಶಿ ಸಿಡುಕುತ್ತಿದ್ದರು. ಆದರೆ ಮುಂದಿನ ವರ್ಷಕ್ಕೆ ಪಾತೆಲೆ ಸಣ್ಣದಾಗುತ್ತಿರಲಿಲ್ಲ. ಈ ಸಲ ಚರ್ಚೆ ಆಗಿಯೇ ಆಗುತ್ತದೆ ಎಂಬ ಅವರ ನಂಬಿಕೆಯ ಮೇಲೆ ನಾವು ವರ್ಷಾವರ್ಷ ಹೊಟ್ಟೆ ತುಂಬಾ ತಿಂದೆವು.

ಕೇಳುವುದು ಅವರ ಸ್ವಭಾವ. ಕಿತ್ತಳೆ ಮಾರುವವನಿಗೆ ನಿನ್ನೆಯದು ಕೆಳಗೆ ಯಾಕೆ, ಇವತ್ತಿನದು ಮೇಲೆ ಯಾಕೆ ಎಂದು ಕೇಳುವರು. ಕನ್ನಡ ಬಳಗದ ಸಭೆಯಲ್ಲಿ ಸನ್ಮಾನಿತರ ಪಟ್ಟಿ ಓದಿದ ಕೂಡಲೇ ಎದ್ದು ನಿಂತು, ಈ ಮಹನೀಯರು ಏನು ಮಾಡಿದ್ದಾರೆ ಎಂದು ಮಹನೀಯರ ಎದುರಿಗೇ ವಿಚಾರಿಸುವರು. ಅಧ್ಯಕ್ಷರು ಅವರನ್ನು ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದರು. ಒಂದು ವಿಶೇಷವೆಂದರೆ, ಸರಿಯಾದ ಉತ್ತರ ಬಂತೋ, ಅಲ್ಲಿಗೆ ಸುಮ್ಮನಾಗುವರು. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ನೌಕರಿಗೆ ಸೇರಿದ ಹೊಸತರಲ್ಲಿ ಅವರ ಮೇಜಿಗೆ ಒಂದು ಬಿಲ್ಲು ಬಂದಿತ್ತಂತೆ: ನಾಗಪುರದ ಸುಡು ಬೇಸಿಗೆಯಲ್ಲಿ ಒಂದು ತುಕಡಿಗೆ ಉಣ್ಣೆಯ ಕೈಗವಸು. ಮಾವಶಿ ಬಿಲ್ಲು ತಡೆದು, ಇಷ್ಟು ಬಿಸಿಲಿಗೆ ಉಣ್ಣೆ ಯಾರಿಗೆ ಎಂದು ಬರೆದು ಕಳಿಸಿದರು. ಕರ್ನಲ್ ಒಬ್ಬರು ಕೆಂಪು ಮುಖ ಮಾಡಿಕೊಂಡು ತಾವೇ ಬಂದರು. ಈ ಹುಡುಗರು ಮುಂದಿನ ವಾರ ಹಿಮದ ಬೆಟ್ಟಕ್ಕೆ ಹೋಗುವವರು, ಹೊರಡುವ ಮೊದಲು ಬೆರಳು ಮುಚ್ಚಬೇಕು ಎಂದರು. ಮಾವಶಿ ಅವರನ್ನು ಕೂರಿಸಿ ಚಹಾ ತರಿಸಿ, ಆ ಚಹಾ ಆರುವುದರೊಳಗೆ ಬಿಲ್ಲು ಪಾಸು ಮಾಡಿದರು.

"ಕೇಳಿದೆ, ಹೇಳಿದ್ರು, ಮುಗೀತು. ಕೇಳೂದಂದ್ರ ಜಗಳ ಅಲ್ಲವಾ. ಮಂದಿಗೆ ಅದ ತಿಳಿಯಂಗಿಲ್ಲ. ಕರ್ನಲ್ ಸಾಹೇಬ್ರು ಆಮ್ಯಾಲ ಪ್ರತಿ ದೀಪಾವಳಿಗೆ ಮಿಠಾಯಿ ಕಳಸ್ತಿದ್ರು. ಅದ್ಯಾಕ ಕಳಸ್ತೀರಿ ಅಂತ ಅದನ್ನೂ ಕೇಳಿದೆ, ನಿಲ್ಲಿಸಿಬಿಟ್ರು" ಎಂದು ನಕ್ಕರು.

ನಿವೃತ್ತರಾದ ಮೇಲೆ ಕೇಳುವುದಕ್ಕೆ ಬಿಲ್ಲುಗಳಿಲ್ಲದೆ ಅವರ ಕಣ್ಣು ದಿಲ್ಲಿಯ ಮೇಲೆ ಬಿತ್ತು. ದೂರದ ದೇಶಗಳ ಅಂತರ್ಯುದ್ಧದ ನಡುವೆ ಶಾಂತಿ ಕಾಯಲು ನಮ್ಮ ಸೈನಿಕರು ಹೋಗುತ್ತಾರಲ್ಲ, ಎಷ್ಟು ಮಂದಿ ಎಲ್ಲೆಲ್ಲಿ ಇದ್ದಾರೆ, ಅವರಿಗೆ ಅಲ್ಲಿ ಒಪ್ಪಿಸಿದ ಕೆಲಸವೇನು, ಅವರು ಇನ್ನೂ ಅಲ್ಲಿರಬೇಕೋ ಬೇಡವೋ ಎಂದು ನೋಡುವವರು ಯಾರು? ಈ ಮೂರನ್ನು ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು ಎಂಬುದು ಅವರ ಹಟ. ರಾಜ್ಯಸಭೆಯ ಸದಸ್ಯರೊಬ್ಬರ ಮನೆ ನಾಗಪುರದಲ್ಲಿತ್ತು. ಹೆಸರು ಬೇಡ, ಪಕ್ಷವೂ ಬೇಡ. ಅವರು ಊರಲ್ಲಿರುವ ಭಾನುವಾರಗಳಂದು ಮಾವಶಿ ಅವರ ಅಂಗಳಕ್ಕೆ ಹೋಗಿ ಕೂರುವರು. ಉಳಿದವರು ಮಗನ ನೌಕರಿಗೆ, ನಲ್ಲಿ ನೀರಿಗೆ ಬಂದವರು. ಸೇನೆಯ ಬಗ್ಗೆ ಪ್ರಶ್ನೆ ಹಿಡಿದು ಬಂದ ಮುದುಕಿಯನ್ನು ನೋಡಿ ಆ ಸದಸ್ಯರಿಗೂ ಗಾಬರಿ. ಎರಡು ವರ್ಷ ಅಲೆಸಿದರು. ಕೊನೆಗೆ ಇವರ ಕಾಟ ತಾಳದೆಯೋ, ಪ್ರಶ್ನೆ ಸರಿ ಎನಿಸಿಯೋ, ಮುಂದಿನ ಅಧಿವೇಶನಕ್ಕೆ ಹಾಕುತ್ತೇನೆ ಎಂದರು. ಮಂತ್ರಿ ಎದ್ದು ನಿಂತು ಬಾಯಿಯಿಂದಲೇ ಉತ್ತರ ಹೇಳಬೇಕಾದ ಚುಕ್ಕೆ ಗುರುತಿನ ಪ್ರಶ್ನೆ. ಮಾವಶಿ ವಾಡೆಗೆಲ್ಲ ಪೇಡೆ ಹಂಚಿದರು.

ಅದೇ ಸುಮಾರಿಗೆ ಗಿರೀಶನಿಗೆ ಆದೇಶ ಬಂತು. ಆಫ್ರಿಕದ ಒಂದು ದೇಶಕ್ಕೆ, ಶಾಂತಿಪಾಲನಾ ಪಡೆಯ ಜೊತೆ.

ಅವನು ಕಾಮ್ಟಿಯಿಂದ ಬೈಕಿನಲ್ಲಿ ಬಂದ ಸಂಜೆ ನಾನು ಮೇಲೆ ಮಾವಶಿಯ ಜೊತೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವನು ಹೆಲ್ಮೆಟ್ಟನ್ನೂ ಕೆಳಗಿಡಲಿಲ್ಲ.

"ಅವ್ವಾ, ಆ ಪ್ರಶ್ನೆ ವಾಪಸ್ ತಗೋರಿ ಅಂತ ಹೇಳು ಅವರಿಗೆ."

"ಯಾಕಪಾ?"

"ಯಾಕ ಅಂದ್ರ? ಮುಂದಿನ ತಿಂಗಳು ನಾ ಹೊಂಟೀನಿ. ಈಗ ನೀ ಇದನ್ನ ಕೇಳಿಸಿದ್ರ ಮೆಸ್ಸಿನ್ಯಾಗ ಏನಂತಾರ? ಮೇಜರ್ ಸಾಹೇಬ್ರ ತಾಯಿ ಹೆದರ್ಯಾಳ, ಸಂಸತ್ತಿನ ಬಾಗಲಾ ಬಡ್ಯಾಕತ್ಯಾಳ ಅಂತಾರ. ನನ್ನ ಕೈಕೆಳಗ ಬರೂ ಹುಡುಗರ ಮಾರಿ ಹ್ಯಾಂಗ ನೋಡ್ಲಿ ನಾ?"

ಮಾವಶಿ ಸೊಪ್ಪಿನಿಂದ ಕೈ ತೆಗೆಯಲಿಲ್ಲ. "ಪ್ರಶ್ನೆ ಎರಡು ವರ್ಷದ್ದು. ನಿನ್ನ ಆರ್ಡರ್ ಹೋದ ವಾರದ್ದು. ಇದನ್ನ ನಿನ್ನ ಸಲುವಾಗಿ ಕೇಳಿದ್ದಲ್ಲ. ಈಗ ಬಿಟ್ರ ಮಾತ್ರ ನಿನ್ನ ಸಲುವಾಗಿ ಬಿಟ್ಟಂಗ ಆಗ್ತೈತಿ. ಬರೋಬರ್ ಐತೋ ಇಲ್ಲೋ ನೀನ ಹೇಳು."

ಅವನು ಊಟವನ್ನೂ ಮಾಡದೆ ಮೆಟ್ಟಿಲಿಳಿದು ಹೋದ. ಹೊರಡುವ ದಿನ ಬಂದು ಕಾಲಿಗೆ ನಮಸ್ಕಾರ ಮಾಡಿದ, ಅಷ್ಟೇ. ಅಲ್ಲಿಂದ ಫೋನು ಬಂದರೂ "ಅರಾಮ ಅದೀನಿ, ಇಡ್ತೀನಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಯಾರನ್ನಾದರೂ ಏನನ್ನಾದರೂ ಕೇಳಬಲ್ಲ ಮಾವಶಿ ಮಗನನ್ನು "ಸಿಟ್ಟ ಹೋತೇನು?" ಎಂದು ಕೇಳಲಾರದೆ ಫೋನು ಹಿಡಿದುಕೊಂಡೇ ಕೂತಿರುತ್ತಿದ್ದರು. ನನಗೆ ನೋಡಲು ಸಂಕಟವಾಗುತ್ತಿತ್ತು. ಆ ಗಿರೀಶನ ಮೇಲೆ ಸಿಟ್ಟೂ ಬರುತ್ತಿತ್ತು.

ಪ್ರಶ್ನೆಯ ದಿನ ಬಂತು. ಮತ್ತೆ ಇಳಕಲ್ ಸೀರೆ, ಮತ್ತೆ ಪಾತೆಲೆ. ಸಭೆ ಶುರುವಾದದ್ದೇ ತಡ, ಬೇರೆ ಯಾವುದೋ ವಿಷಯಕ್ಕೆ ಎರಡೂ ಕಡೆಯವರು ಎದ್ದು ಗದ್ದಲ ಹಾಕಿದರು. ಸಭಾಪತಿಗಳು ಎರಡು ಸಲ ಕೂರಿ ಎಂದರು, ಮೂರನೇ ಸಲ ತಾವೇ ಎದ್ದು ಹೋದರು. ಪ್ರಶ್ನೋತ್ತರದ ಅವಧಿ ಹಾಗೇ ತೊಳೆದುಹೋಯಿತು. ಈ ಸಲ ದಿನಕರ ಭಾವೂ ಕೂಡ ಕೀಟಲೆ ಮಾಡಲಿಲ್ಲ. ತಟ್ಟೆ ತೊಳೆದಿಟ್ಟು ಮೆಲ್ಲಗೆ ಹೋದರು.

ಹೇಳದೆ ಉಳಿದ ಉತ್ತರವನ್ನು ಬರಹದಲ್ಲಿ ಸಭೆಯ ಮುಂದಿಡುತ್ತಾರೆ. ಅದನ್ನು ಸಂಜೆ ನನ್ನ ಫೋನಿನಲ್ಲಿ ಹುಡುಕಿ ಓದಿ ಹೇಳಿದೆ. ಎಷ್ಟು ಮಂದಿ, ಯಾವ ಯಾವ ದೇಶ ಎಂಬುದಿತ್ತು. ಕೆಲಸವೇನು ಎಂಬುದೂ ಇತ್ತು. ಕೊನೆಯಲ್ಲಿ, 'ಕಾಲಕಾಲಕ್ಕೆ ಪರಿಶೀಲಿಸಲಾಗುತ್ತಿದೆ.'

"ಯಾರು ಪರಿಶೀಲನಾ ಮಾಡ್ತಾರ?"

"ಅದು ಇಲ್ಲ, ಮಾವಶಿ."

"ಹಂಗಾರ ಎರಡಕ್ಕ ಬಂತು, ಮೂರನೇದು ಬಾಕಿ. ಪಾಸ್ ಮಾಡಾಕ ಬರಂಗಿಲ್ಲ" ಎಂದರು. ಮುಂದಿನ ಭಾನುವಾರವೇ ಆಟೋ ಹತ್ತಿ ಮತ್ತೆ ಆ ಅಂಗಳಕ್ಕೆ ಹೋದರು.

ಅದಾಗಿ ಒಂದು ವಾರವಿರಬೇಕು, ಗಿರೀಶನ ಫೋನು. ಮಾವಶಿ ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿಸಿತು. "ಅವ್ವಾ, ಆ ಉತ್ತರ ಇಲ್ಲಿ ಹುಡುಗರ ಫೋನಿನ್ಯಾಗೆಲ್ಲಾ ಓಡ್ಯಾಡಾಕತ್ತೈತಿ. ನಾವಿಲ್ಲಿ ಅದೀವಂತ ದಿಲ್ಲ್ಯಾಗ ಬರದಿಟ್ಟಾರ ನೋಡ್ರಿ ಸಾಹೇಬ್ರ ಅಂತ ತೋರಿಸಿದ್ರು. ಯಾರು ಕೇಳಿದ್ದು ಅಂದ್ರು."

"ನೀ ಏನಂದಿ?"

"ಯಾರೋ ಸದಸ್ಯರು ಅಂದೆ." ಆಮೇಲೆ ದನಿ ತಗ್ಗಿಸಿದ. "ಬೆಳಗಾವಿ ಕಡೀ ಹುಡುಗ ಒಬ್ಬಾಂವ ಅದಾನ. ಅವಗಷ್ಟ ಖರೆ ಹೇಳೀನಿ. ನಮ್ಮವ್ವ ಅಂತ."

"ಮೂರನೇದಕ್ಕ ಇನ್ನೂ ಉತ್ತರ ಬಂದಿಲ್ಲ ಅಂತನೂ ಹೇಳಪಾ ಅವಗ" ಎಂದು ಮಾವಶಿ ಗದರಿದರು. ಗದರುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾವಶಿ ಈಗಿಲ್ಲ. ಗಿರೀಶ ಕ್ಷೇಮವಾಗಿ ಬಂದ, ಕೆಲವು ತಿಂಗಳು ತಾಯಿಯ ಕೈಯೂಟ ಉಂಡ. ಆಮೇಲೆ ಒಂದು ಮಧ್ಯಾಹ್ನ ಅವರು ಮಲಗಿದವರು ಏಳಲಿಲ್ಲವಂತೆ. ಅಷ್ಟರಲ್ಲಿ ನನಗೆ ಮೈಸೂರಿಗೆ ವರ್ಗವಾಗಿತ್ತು. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ. ಮೂರನೆಯದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ.

ನಾನು ನಾಗಪುರ ಬಿಟ್ಟ ದಿನವೇ ನಮ್ಮ ಕೊನೆಯ ಭೇಟಿ. ಗಿರೀಶ ಬರಲು ಆಗಿನ್ನೂ ಒಂದಿಷ್ಟು ದಿನಗಳಿದ್ದವು. ಸಾಮಾನು ಗಲ್ಲಿಯ ಬಾಯಲ್ಲಿ ನಿಂತ ಲಾರಿಗೆ ಏರುತ್ತಿತ್ತು. ನಾನು ಹೇಳಿ ಬರಲು ಮೇಲೆ ಹೋದೆ. ಬಹಳ ದಿನದಿಂದ ಬಾಯಿಗೆ ಬಂದು ನುಂಗಿಕೊಳ್ಳುತ್ತಿದ್ದ ಮಾತನ್ನು ಅಂದು ಕೇಳಿಯೇಬಿಟ್ಟೆ.

"ಮಾವಶಿ, ಅವತ್ತು ಗಿರೀಶ ಅಷ್ಟು ಬೇಡ್ಕೊಂಡ್ರೂ ನಿಮಗೆ ಬಿಟ್ಟುಬಿಡೋಣ ಅನಿಸ್ಲೇ ಇಲ್ವಾ?"

ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ಮೊದಲ ಅದು ಬರೀ ಪ್ರಶ್ನೆ ಇತ್ತವಾ. ಅವ ಹೋದ ಮ್ಯಾಲ ನನಗ ಕೇಳೂದು ಒಂದ ಉಳೀತು. ನನ್ನ ಮಗನ್ನ ಯಾವಾಗ ವಾಪಸ್ ಕಳಸ್ತೀರಿ? ಅದನ್ನ ಯಾವ ಸಭಾದಾಗೂ ಕೇಳಾಕ ಬರಂಗಿಲ್ಲ. ಅದಕ್ಕ ಬಿಡಲಿಲ್ಲ, ಎಲ್ಲಾರ ಮಕ್ಕಳನ್ನೂ ಕೂಡಿಸಿ ಕೇಳಿದೆ."