ಗಾಜು ತಣಿಯುವ ಹೊತ್ತು

ಲೆನ್ಸ್ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳಿಗೆ ‘ಹದ್ದಿನಕಣ್ಣಮ್ಮ’ ಎಂದೇ ಹೆಸರು. ಪಾಲಿಶ್ ಆಗಿ ಬಂದ ಲೆನ್ಸುಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಕಪ್ಪು ಬಟ್ಟೆಯ ಮುಂದೆ ದೀಪಕ್ಕೆ ಹಿಡಿದು ತಿರುಗಿಸಿದಳೆಂದರೆ ಕೂದಲೆಳೆಗಿಂತ ಸಣ್ಣ ಗೀರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಕಣ್ಣೆದುರಿನ ಚಪ್ಪಲಿ ಹುಡುಕಿಕೊಡಲು ಅಮ್ಮನೇ ಬರಬೇಕು.

ಹೊಸದಾಗಿ ಸೇರಿದ ಪಾಲಿಶ್‌ನವನಿಗೆ ಕೈಚಳಕವೇನೋ ಇತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಒಂದು ಬೆಳಿಗ್ಗೆ ತನ್ನ ಲೆನ್ಸ್ ಫೇಲಾಯಿತೆಂದು ತಿಳಿದದ್ದೇ ದಡದಡನೆ ಮೆಟ್ಟಿಲು ಹತ್ತಿ ಬಂದ.

“ಏನ್ರೀ ತಪ್ಪು ಅದರಲ್ಲಿ?”

ಅವಳು ಲೆನ್ಸನ್ನು ಅಳತೆಯ ಗಾಜಿನ ಮೇಲಿಟ್ಟು ಹಳದಿ ದೀಪ ಹಾಕಿದಳು. ಎರಡು ಗಾಜುಗಳ ನಡುವೆ ಬಳೆಗಳಂಥ ಕಪ್ಪು ಗೆರೆಗಳು ಮೂಡಿದವು.

“ಮೇಲ್ಮೈ ಸರಿಯಾಗಿದ್ರೆ ಬಳೆ ಗುಂಡಗಿರುತ್ತೆ. ಇದು ನೋಡಿ, ಮೊಟ್ಟೆ ಥರ ಇದೆ.”

ಅವನು ಬಗ್ಗಿ ನೋಡಿದ. “ಈಗಷ್ಟೇ ಉಜ್ಜಿದ್ದು ಕಣ್ರೀ. ಗಾಜು ಇನ್ನೂ ಬಿಸಿ ಇದೆ. ಅದರ ಮೇಲೆ ನಿಮ್ಮ ಕೈಬಿಸಿ ಬೇರೆ. ಅರ್ಧ ಗಂಟೆ ಬಿಟ್ಟು ನೋಡಿ.”

“ಆಗ್ಲೂ ಹೀಗೇ ಇದ್ರೆ?”

“ಇನ್ಮೇಲೆ ಈ ಮೆಟ್ಟಿಲು ಹತ್ತಲ್ಲ.”

ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಹಾವು ಮುಂಗುಸಿಗಳಂತೆ ಕುಳಿತರು. ಹತ್ತು ನಿಮಿಷ ಅವಳು ಬೇರೆ ಲೆನ್ಸುಗಳನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಅವನು, ಈ ಕಿಟಕಿಯನ್ನು ಯಾಕೆ ತೆರೆಯುವುದಿಲ್ಲ ಎಂದ. ಧೂಳು ಬರುತ್ತದೆ ಎಂದಳು. ಧೂಳಿನಿಂದ ಮಾತು ಅವನ ಅಕ್ಕನ ಸೀನಿಗೆ ಹೋಯಿತು. ಆ ಸೀನಿಗೆ ಹೆದರಿ ಪಕ್ಕದ ಮನೆಯ ಬೆಕ್ಕು ಊರು ಬಿಟ್ಟ ಕತೆ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

ಮತ್ತೆ ದೀಪ ಹಾಕಿದಾಗ ಬಳೆಗಳು ಅಚ್ಚುಗುಂಡಗಿದ್ದವು. ಅವಳ ಕಿವಿಗಳು ಕೆಂಪಾದವು.

“ನನ್ನದೇ ತಪ್ಪು. ಅವಸರ ಮಾಡಿದೆ,” ಎಂದು ಲೆನ್ಸನ್ನು ಪಾಸು ಮಾಡಿದಳು. ಜಗಳಕ್ಕೆಂದು ಬಂದವನು ಮೆಲ್ಲನೆ ಮೆಟ್ಟಿಲಿಳಿದು ಹೋದ.

ಮರುದಿನದಿಂದ ಅವನು ತನ್ನ ಲೆನ್ಸುಗಳನ್ನು ತಾನೇ ಹೊತ್ತು ತರತೊಡಗಿದ. ಪ್ರತಿ ಸಲವೂ ಒಂದೇ ಮಾತು: “ಬಿಸಿ ಇದೆ, ಕಾಯಬೇಕು.” ಒಂದು ದಿನ ಅವಳು ಮುಟ್ಟಿ ನೋಡಿದಳು.

“ತಣ್ಣಗೆ ಕೊರೀತಾ ಇದೆಯಲ್ರೀ ಇದು.”

ಅವನು ತಲೆ ಕೆರೆದುಕೊಂಡ. ಅವಳು ನಗದೆ ಸ್ಟೂಲು ಮುಂದಕ್ಕೆ ತಳ್ಳಿದಳು. “ಇರಲಿ, ಕೂತ್ಕೊಳ್ಳಿ. ಯಾವುದಕ್ಕೂ ಅರ್ಧ ಗಂಟೆ ನೋಡೋಣ.”

ಮದುವೆಯಾಗಿ ಈಗ ಹನ್ನೆರಡು ವರ್ಷ. ಕೆಲಸದಲ್ಲಿ ಅವಳಿಗೆ ಗಂಡನೆಂಬ ದಾಕ್ಷಿಣ್ಯವಿಲ್ಲ. ಮೊನ್ನೆ ಗೀರಿದೆಯೆಂದು ಅವನ ಮೂರು ಲೆನ್ಸುಗಳನ್ನು ಒಟ್ಟಿಗೇ ವಾಪಸು ಕಳಿಸಿದಳು. ಸಂಜೆ ಬಸ್ಸಿನಲ್ಲಿ ಅವನು ಮುಖ ಊದಿಸಿಕೊಂಡು ಕುಳಿತಿದ್ದ. ನಾಲ್ಕು ಸ್ಟಾಪು ಕಳೆದ ಮೇಲೆ ಕೇಳಿದ:

“ಗೀರು ನಿಜವಾಗ್ಲೂ ಅಷ್ಟು ದೊಡ್ಡದಿತ್ತಾ?”

“ನಿಮಗೂ ಕಾಣೋವಷ್ಟು.”

ಅವನಿಗೆ ನಗು ಬಂದುಬಿಟ್ಟಿತು. ಸರಿದು ಅವಳಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ.