ಕಡಲಿಗೆ ಹೊರಟ ಇಳಕಲ್ ಚೀಲ

ಬಾಗಲಕೋಟೆಯಲ್ಲಿ ಇಳಕಲ್ ಬಸ್ ಹತ್ತಿದಾಗ ನನಗೆ ಸೊನ್ನೆ ದರದ ಟಿಕೆಟ್ ಸಿಕ್ಕಿತು, ನನ್ನ ತೇಲುಗೋಲಕ್ಕೆ ಸಿಗಲಿಲ್ಲ. "ನಿಮಗ ಫ್ರೀ ಅಕ್ಕಾರ, ಈ ಕುಂಬಳಕಾಯಿಗಲ್ಲ" ಎಂದು ಕಂಡಕ್ಟರ್ ಲಗೇಜ್ ಚೀಟಿ ಕೊಟ್ಟರು. ಹಿಂದಿನ ದಿನ ಕಾರವಾರ ಬಿಟ್ಟಾಗಿನಿಂದ ಇದು ಮೂರನೆಯ ಚೀಟಿ. ಮಳೆಗಾಲ ಮುಗಿದಿದ್ದರೂ ಬಿಸಿಲು ಚುರುಗುಟ್ಟುತ್ತಿತ್ತು. ಗೋಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕುಳಿತೆ.

ನಾನು ಕಾರವಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಈ ಗೋಲವನ್ನು ಸಮುದ್ರಕ್ಕೆ ಬಿಟ್ಟರೆ ಯಾರೂ ನಡೆಸಬೇಕಿಲ್ಲ. ನೀರು ಒಯ್ದಲ್ಲಿಗೆ ಹೋಗಿ, ಎಲ್ಲಿದ್ದೇನೆಂದು ಉಪಗ್ರಹದ ಮೂಲಕ ತಾನೇ ತಿಳಿಸುತ್ತದೆ. ನೀರಿನ ಓಟದಿಂದ ವಿದ್ಯುತ್ ತೆಗೆಯುವ ಯಂತ್ರವನ್ನು ಎಲ್ಲಿಡಬೇಕೆಂದು ತಿಳಿಯಲು ಇಂಥ ಸುದ್ದಿ ಬೇಕು. ಗಾಳಿ ಒಯ್ಯದೆ ನೀರೇ ಒಯ್ಯುವಂತೆ ಗೋಲದ ಕೆಳಗೆ ಎರಡೂ ಬಾಯಿ ತೆರೆದ, ಆಳುದ್ದದ ಬಟ್ಟೆಯ ಚೀಲವೊಂದು ನೀರಿನೊಳಗೆ ತೂಗಬೇಕು. ಆ ಚೀಲ ಸುತ್ತಲೂ ಒಂದೇ ಸಮ ಇರಬೇಕು. ಒಂದು ಬದಿ ತುಸು ಭಾರವಾದರೂ ಅದು ನೀರಿನ ಸುದ್ದಿ ಬಿಟ್ಟು ತನ್ನದೇ ಸುದ್ದಿ ಹೇಳತೊಡಗುತ್ತದೆ.

ಕಡಲಿಗೆ ಬಿಡುವ ಚೀಲವಾದರೂ ಪ್ಲಾಸ್ಟಿಕ್ಕಿನದಾಗಬಾರದೆಂಬುದು ನನ್ನ ಹಟ. ಹಾಗಾಗಿ ಇಳಕಲ್ ಮಗ್ಗದ ಹತ್ತಿ ಬಟ್ಟೆ, ಅಲ್ಲಿಯದೇ ಹೊಲಿಗೆ. ಹೊಳೆಯಲ್ಲಿ ಅದು ನೆಟ್ಟಗೆ ತೇಲಿದರೆ ಮಾತ್ರ ಮುಂದಿನ ವಾರ ಕಾರವಾರದಿಂದ ಕಡಲಿಗೆ ಹೊರಡುವ ಸಂಶೋಧನೆಯ ದೋಣಿಯಲ್ಲಿ ಅದಕ್ಕೆ ಜಾಗ ಎಂದು ಅಲ್ಲಿನ ಹಿರಿಯ ವಿಜ್ಞಾನಿಗಳು ಖಡಾಖಂಡಿತ ಹೇಳಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ನನ್ನ ವಿದ್ಯಾರ್ಥಿಗಳು ಆಗಲೇ ಗೋಡೆಗೆ ಕಡಲಿನ ನಕ್ಷೆ ಅಂಟಿಸಿದ್ದರು.

ಹುನಗುಂದ ದಾಟಿ ಇಳಕಲ್ ತಲುಪಿದಾಗ ಮಧ್ಯಾಹ್ನ. ಹೊಲಿಗೆಯ ಮಾಳವ್ವನಿಗೆ ಐವತ್ತರ ಆಸುಪಾಸು. ಕುರಿಗಾರರಿಗೆ ಚೀಲ, ಹೆಂಗಸರಿಗೆ ಲಂಗ ಹೊಲಿದು ಹೆಸರಾದವರು. ನಾನು ಬರೆದು ತಂದಿದ್ದ ಚೀಲದ ನಕ್ಷೆ ನೋಡಿದ್ದೇ ನಕ್ಕುಬಿಟ್ಟರು.

"ಒಂದ ಹೊಲಿಗಿ ಹಾಕಿದ್ರ ಆ ಕಡಿ ದಪ್ಪ ಆಕ್ಕೈತ್ರಿ. ನಾಕ ತುಂಡ ಮಾಡಿ ನಾಕ ಹೊಲಿಗಿ ಹಾಕೂಣು."

ಲಂಗ ಹೊಲಿಯುವವರಿಗೆ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ಸಂಜೆಯ ಹೊತ್ತಿಗೆ ಚೀಲ ಸಿದ್ಧವಾಯಿತು. ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಅವರ ಮನೆಯಲ್ಲೇ ಆಯಿತು.

"ಇದು ವಾಪಸ್ ಯಾವಾಗ ಬರತೈತ್ರಿ?" ಎಂದು ಊಟದ ನಡುವೆ ಕೇಳಿದರು.

"ಬರುವುದಿಲ್ಲ ಮಾಳವ್ವಾ. ಬ್ಯಾಟರಿ ಮುಗಿಯುವವರೆಗೆ ಸುದ್ದಿ ಕಳಿಸುತ್ತದೆ, ಅಷ್ಟೇ."

ಅವರು ಚೀಲದತ್ತ ಒಮ್ಮೆ ನೋಡಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಕೂಡಲಸಂಗಮಕ್ಕೆ ಹೋದೆವು. ಎಲ್ಲಾದರೂ ಹೊಲಿಗೆ ಬಿಚ್ಚಿದರೆ ಇರಲಿ ಎಂದು ಮಾಳವ್ವ ಸೂಜಿ ದಾರ ತಂದಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ, ಇಲ್ಲಿ ನಿಂತಂತಿರುವ ಹೊಳೆ ಮೆಲ್ಲಗಾದರೂ ಹರಿಯುತ್ತಿತ್ತು. ದೋಣಿಯ ಸಂಗಪ್ಪ ನಮ್ಮನ್ನು ನಡುನೀರಿಗೆ ಒಯ್ದರು. ಗೋಲ ಬಿಟ್ಟೆ. ಭಕ್ತರು ಬಿಟ್ಟ ಚೆಂಡುಹೂಗಳು ನೆಟ್ಟಗೆ ಮುಂದೆ ಹೋದವು. ನನ್ನ ಗೋಲ ಗಾಣದೆತ್ತಿನಂತೆ ಸುತ್ತುತ್ತ ಎಡದಂಡೆಯತ್ತ ವಾಲಿತು. ಮತ್ತೆ ಬಿಟ್ಟರೂ ಅದೇ ಕಥೆ.

ಮೇಲೆತ್ತಿ ನೋಡಿದರೆ ಚೀಲದ ಕೆಳಬಾಯಿಯ ಒಳಗೆ, ಒಂದೇ ಬದಿಯಲ್ಲಿ, ಮುಷ್ಟಿಗಾತ್ರದ ಕರಿ ಉಣ್ಣೆಯ ಗೊಂಡೆ! ನೀರು ಕುಡಿದು ಕಲ್ಲಿನ ಹಾಗೆ ಭಾರವಾಗಿತ್ತು.

"ಯಾರು ಕಟ್ಟಿದ್ದು ಇದನ್ನು?" ನನಗೆ ಸಿಟ್ಟು ನೆತ್ತಿಗೇರಿತ್ತು.

"ನಾನ ಕಟ್ಟೀನ್ರಿ," ಎಂದರು ಮಾಳವ್ವ. "ನಮ್ಮ ಬೀರಪ್ಪನ ಗುಡ್ಯಾಗ ಮುಟ್ಟಿಸಿದ್ದ ಉಣ್ಣಿ. ಹೋಗೂದು ಅಷ್ಟ ದೂರ, ವಾಪಸ್ ಬರೂದಿಲ್ಲ ಅಂದ್ರಿ. ಬರೇ ಕೈಲೆ ಹೆಂಗ ಕಳಸೂದ್ರಿ? ದೃಷ್ಟಿ ಆಗಬಾರ್ದಂತ ಕಟ್ಟೀನಿ."

ನಾನು ಕತ್ತರಿ ತೆಗೆದೆ. ಕತ್ತರಿಸಲು ಕೈ ಬರಲಿಲ್ಲ. ಎಲ್ಲ ಲೆಕ್ಕ ಹಾಕಿ ಗೋಲ ಮಾಡಿದ ನನಗೆ ಅದು ಒಂಟಿಯಾಗಿ ಹೋಗುತ್ತದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ನಾಚಿಕೆಯಾಯಿತು. ಒಂದೇ ಕಡೆ ಭಾರ ಇದ್ದರೆ ನೀರು ತಿರುಗಿಸುತ್ತದೆ ಎಂದು ಮೆಲ್ಲಗೆ ಹೇಳಿದೆ.

ಮಾಳವ್ವ ಗೊಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿದರು. "ಅಷ್ಟ ಹೌದಲ್ಲ? ಹಂಗಾರ ನಾಕೂ ಕಡಿ ಕಟ್ಟೂಣು."

ಗೊಂಡೆ ಬಿಚ್ಚಿ ನಾಲ್ಕು ಎಳೆ ಮಾಡಿದರು. ಅಂಗೈಯಲ್ಲಿ ಒಂದೊಂದನ್ನೂ ತೂಗಿ, ಹೆಚ್ಚಾದ ಕಡೆಯಿಂದ ಹಲ್ಲಲ್ಲಿ ಕಡಿದು, ನಾಲ್ಕು ಹೊಲಿಗೆಗಳ ತುದಿಗೆ ಬಿಗಿದರು. "ಭಾರಿ ಆತ ಬಿಡ್ರಿ, ಯಂತ್ರಕ್ಕ ಕಾಶಿದಾರ!" ಎಂದು ಸಂಗಪ್ಪ ತಮಾಷೆ ಮಾಡಿದರು. ಮಾಳವ್ವ ಉಳಿದ ದಾರ ಕಡಿದು ಚೀಲವನ್ನು ನನ್ನ ಕೈಗಿತ್ತರು.

ಗೋಲ ಮತ್ತೆ ನೀರಿಗಿಳಿಯಿತು. ಒಮ್ಮೆ ತೂಗಾಡಿ ನಿಂತು, ಚೆಂಡುಹೂವೊಂದರ ಜೊತೆಗೇ ಹೊರಟಿತು. ನನ್ನ ಫೋನಿನಲ್ಲಿ ವಿಡಿಯೊ ಓಡುತ್ತಿತ್ತು. ಗೋಲ ಹಿಡಿಯಲು ಕೈ ಚಾಚಿದರೆ ಮಾಳವ್ವ ತಡೆದರು: "ಇನ್ನ ಸ್ವಲ್ಪ ಹೋಗ್ಲಿ ಬಿಡ್ರಿ." ದೋಣಿ ಅದರ ಹಿಂದೆ ಬಹಳ ದೂರ ಹೋಯಿತು. ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು.

ದಂಡೆಗೆ ಬಂದು ವಿಡಿಯೊ ಕಳಿಸಿದೆ. ಗೋಲಕ್ಕೆ ಜಾಗ ಸಿಕ್ಕಿತೆಂದು ಕಾರವಾರದಿಂದ ಫೋನ್ ಬಂತು. ಇನ್ನೊಬ್ಬರಿಗೂ ಜಾಗ ಇಡಿ, ಚೀಲ ಹೊಲಿದವರೇ ಬಂದು ಗೋಲವನ್ನು ಕಡಲಿಗೆ ಬಿಡುತ್ತಾರೆ ಎಂದೆ. ಪಕ್ಕದಲ್ಲಿ ಸೆರಗು ಹಿಂಡುತ್ತಿದ್ದ ಮಾಳವ್ವ ನನ್ನತ್ತ ತಿರುಗಿದರು.

"ನಾ ಸಮುದ್ರ ನೋಡೇ ಇಲ್ರಿ, ಅಕ್ಕಾರ. ಅಲ್ಲಿ ನೀರು ಯಾವ ಕಡಿ ಹರೀತೈತಿ?"

"ಅದು ಗೊತ್ತಿಲ್ಲ ಅಂತಲೇ ಇದನ್ನು ಬಿಡುವುದು, ಮಾಳವ್ವಾ."

ಅವರು ಒದ್ದೆ ಚೀಲವನ್ನು ಮಡಿಸಿ, ಉಣ್ಣೆಯ ನಾಲ್ಕೂ ಗಂಟುಗಳನ್ನು ಒಂದೊಂದಾಗಿ ಮತ್ತೆ ಎಳೆದು ನೋಡಿದರು.

"ಹಂಗಾರ ಬರ್ತೇನಿ. ನಾನೂ ನೋಡಬೇಕಲ್ರಿ."