ಕಾಮಿಕ್ಸ್ ಮೊಗಣ್ಣ

ಬೆಳಗೋಡಿನ ಸುತ್ತ ಆನೆ ಬಂದರೆ ಜನ ಫಾರೆಸ್ಟಿನವರಿಗೂ ಕಾಮಿಕ್ಸ್ ಮೊಗಣ್ಣನಿಗೂ ಒಟ್ಟಿಗೇ ಫೋನ್ ಮಾಡುತ್ತಾರೆ. ಅವರು ಪಟಾಕಿ ಹಿಡಿದು ಬಂದರೆ ಇವನು ಪೆನ್ಸಿಲ್ ಹಿಡಿದು ಓಡಿಬರುತ್ತಾನೆ. ಶಾಲೆ ಮಕ್ಕಳ ಪ್ರಾಜೆಕ್ಟಿಗೆ ಆನೆ ಬಿಡಿಸಿಕೊಡುತ್ತ ಶುರುವಾದ ಅವನ ‘ಕೊಂಬಣ್ಣ’ ಕಾಮಿಕ್ಸ್ ಈಗ ತಿಂಗಳಿಗೊಮ್ಮೆ ಬರುತ್ತದೆ, ಜೆರಾಕ್ಸ್ ಮಿಷನ್ ಕೆಟ್ಟರೆ ಎರಡು ತಿಂಗಳಿಗೊಮ್ಮೆ. ಬರೆಯುವವನು, ಪಿನ್ ಹೊಡೆಯುವವನು, ಕಟ್ಟು ಕಟ್ಟಿ ಬಸ್ಸಿಗೆ ಹಾಕುವವನು ಎಲ್ಲ ಅವನೊಬ್ಬನೇ. ಪಾತ್ರಗಳೆಲ್ಲ ಊರಿನವರೇ ಆದ್ದರಿಂದ, ಎಲ್ಲಿ ಬಿಡಿಸಿಬಿಡುತ್ತಾನೋ ಎಂದು ಪಕ್ಕದ ಮಗ್ಗೆಯಿಂದ ಬರುವವರೂ ತಲೆ ಬಾಚಿಕೊಂಡೇ ಬಸ್ಸಿಳಿಯುತ್ತಾರೆ. “ನನ್ ಹೊಟ್ಟೆ ಅಷ್ಟು ದಪ್ಪ ಐತೇನೋ?” ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಗಳಕ್ಕೆ ಬಂದರೆ, “ಮುಂದಿನ್ ಪುಸ್ತಕದಲ್ಲಿ ಇಳಿಸ್ತೀನಿ, ಅಲ್ಲಿಗಂಟ ನೀವೂ ಒಸಿ ಇಳಿಸ್ಕಳಿ” ಎನ್ನುತ್ತಾನೆ. ಅವನ ಆನೆ ಕೊಂಬಣ್ಣ ಬೇಲಿ ಮುರಿಯುತ್ತದೆ, ಬಾಳೆ ತಿನ್ನುತ್ತದೆ, ಜೀಪನ್ನು ಕೆರೆಗೆ ತಳ್ಳುತ್ತದೆ. ಆದರೆ ಇದುವರೆಗೆ ಯಾರನ್ನೂ ಕೊಂದಿಲ್ಲ. “ಸುಳ್ ಬರೀತೀಯಲ್ಲ ಮಾರಾಯ” ಎಂದರೆ, “ನನ್ ಪುಸ್ತಕ, ನನ್ ಆನೆ” ಅಷ್ಟೇ ಉತ್ತರ. ಹೊಸ ಸಂಚಿಕೆಯ ದಿನ ಅವನ ಜೆರಾಕ್ಸ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ದ್ಯಾವಮ್ಮ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅವಳಿಗೆ ಓದಲು ಬಾರದು. ತೋಟದಲ್ಲಿ ಆನೆ ತುಳಿದು ಸತ್ತ ಅವಳ ಮಗ ಯೋಗೇಶ ಮೊಗಣ್ಣನ ಚಿತ್ರಗಳಲ್ಲಿ ಈಗಲೂ ಬೈಕ್ ಒರೆಸುತ್ತಾನೆ, ಟೀ ಕುಡಿಯುತ್ತಾನೆ, ಯಾರಿಗೋ ಕೈ ಬೀಸುತ್ತಾನೆ. ಮೊನ್ನೆ ಅವಳು ಆ ಚಿತ್ರದ ಮೇಲೆ ಬೆರಳಿಟ್ಟು, “ಇವ್ನಿಗೂ ವಯಸ್ಸಾಯ್ತಾ ಬಂತು ಕಣಪ್ಪ, ಒಂದ್ ಹೆಣ್ ನೋಡು” ಎಂದಳು. ಮೊಗಣ್ಣ ಈಗ ಮದುವೆ ಚಪ್ಪರ ಬಿಡಿಸುತ್ತಿದ್ದಾನೆ. ಪಂಕ್ತಿಯಲ್ಲಿ ಊರಿಗೆ ಊರೇ ಕೂತಿದೆ, ರೈಟರ್ ಹೊಟ್ಟೆಯೂ ಇಳಿದಿದೆ. ಆನೆಯನ್ನು ಮಾತ್ರ ಕರೆದಿಲ್ಲ.